ಎರೆನೆಲದ ಮೇಲೆ ಸೆಡಾನ್

ಕಲಬುರಗಿ ಜಿಲ್ಲೆಯ ನರೋಣಾ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗ್ಯಾರೇಜುಗಳಲ್ಲಿ ಸೆಡಾನ್, ಅಂದರೆ ಡಿಕ್ಕಿ ಇರುವ ಕಾರಿನ ಮಾಲೀಕರು ತರುವ ದೂರುಗಳಲ್ಲಿ ಒಂದಕ್ಕೆ ಮಿಸ್ತ್ರಿಗಳ ಬಳಿಯೂ ಮದ್ದಿಲ್ಲ. "ಎಂಬತ್ತಕ್ಕ ಬಂತಂದ್ರ ಗಾಡಿ ತೇಲ್ಲಾಕತ್ತದ ನೋಡ್ರಿ." ಮಿಸ್ತ್ರಿ ಬಾನೆಟ್‌ನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಡುತ್ತಾನೆ. ಕಾರು ಒಮ್ಮೆ ಮೇಲೆದ್ದು ಅಲ್ಲಿಗೇ ನಿಂತರೆ ಶಾಕಪ್ ಸರಿಯಿದೆ ಎಂದು ಲೆಕ್ಕ. ಎರಡು ಮೂರು ಸಲ ಕುಣಿದರೆ ಅದರ ಎಣ್ಣೆ ಸೋರಿದೆ. ಎಷ್ಟೋ ಸಲ ಶಾಕಪ್ ಸರಿಯಾಗಿಯೇ ಇರುತ್ತದೆ. ಆದರೂ ಮಾಲೀಕ ಟೈರು ಬದಲಿಸುತ್ತಾನೆ, ಅಲೈನ್‌ಮೆಂಟ್ ಮಾಡಿಸುತ್ತಾನೆ, ಬುಷ್ ಹಾಕಿಸುತ್ತಾನೆ. ತೇಲುವುದು ನಿಲ್ಲುವುದಿಲ್ಲ. ಅದೇ ಕಾರು ಉಮರ್ಗಾದ ಹತ್ತಿರ ಸೋಲಾಪುರ–ಹೈದರಾಬಾದ್ ಹೆದ್ದಾರಿ ಹತ್ತಿತೆಂದರೆ ನೂರರಲ್ಲೂ ಗಟ್ಟಿಯಾಗಿ ಕೂರುತ್ತದೆ.

ಈ ರೋಗದ ಮೂಲ ಹುಡುಕಬೇಕಾದದ್ದು ಡಾಂಬರಿನ ಕೆಳಗೆ.

ಆಳಂದ ಸೀಮೆ ದಖನ್ನಿನ ಲಾವಾ ಹಾಸಿನ ಅಂಚಿನಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲು ಬಿಸಿಲು ಮಳೆಗೆ ಸವೆದು ಪುಡಿಯಾಗಿ ಇಲ್ಲಿನ ಕರಿ ಎರೆ ಆಗಿದೆ. ತೊಗರಿಗೆ ಈ ನೆಲ ಬಂಗಾರ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ರಸ್ತೆ ಹಾಕುವ ಎಂಜಿನಿಯರ್‌ಗೆ ಮಾತ್ರ ಇದು ತಲೆನೋವಿನ ಮಣ್ಣು. ಎರೆಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಪದರಗಳು ಒಂದರ ಮೇಲೊಂದು ಕೂತು ಅದರ ಹರಳು ಆಗುತ್ತದೆ. ಮಳೆ ಬಿದ್ದಾಗ ನೀರಿನ ಅಣುಗಳು ಆ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತವೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿ ಪದರಗಳು ಮತ್ತೆ ಕೂಡಿಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದ ಬಿರುಕಿನೊಳಗೆ ಕೋಲು ಇಳಿಬಿಟ್ಟರೆ ಎಷ್ಟೋ ಕಡೆ ಒಂದು ಮೀಟರಿನಷ್ಟು ಕೆಳಗೆ ಹೋಗುತ್ತದೆ. ಇದೇ ಮಣ್ಣಿನ ಮೇಲೆ ನಾಲ್ಕು ಬೆರಳು ಜಲ್ಲಿ, ಎರಡು ಬೆರಳು ಡಾಂಬರು ಹಾಸಿದರೆ ರಸ್ತೆಯೂ ಮಣ್ಣಿನ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮ ಏಳುವುದಿಲ್ಲ. ತಗ್ಗಿನಲ್ಲಿ ನೀರು ನಿಂತಲ್ಲಿ ಒಂದು ಬಗೆ, ನಾಲೆ ದಾಟುವಲ್ಲಿ ಇನ್ನೊಂದು ಬಗೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಣ್ಣಿಗೆ ಸಪಾಟಾಗಿಯೇ ಕಾಣುವ ರಸ್ತೆಯ ಮೈಯಲ್ಲಿ ಉದ್ದುದ್ದ ಅಲೆಗಳು ಮೂಡಿರುತ್ತವೆ.

ಕಾರಿಗೆ ಆ ಅಲೆ ತಿಳಿಯುವ ಬಗೆ ವಿಚಿತ್ರ. ಸ್ಪ್ರಿಂಗ್‌ಗಳ ಮೇಲೆ ಕೂತ ಕಾರಿನ ದೇಹಕ್ಕೆ ತನ್ನದೇ ಆದ ಒಂದು ಕುಣಿತದ ಲಯವಿದೆ. ಇಂದಿನ ಮಧ್ಯಮ ಸೆಡಾನ್‌ಗಳಲ್ಲಿ ಅದು ಸೆಕೆಂಡಿಗೆ 1ರಿಂದ 1.5 ಸಲ, ಅಂದರೆ 1ರಿಂದ 1.5 ಹರ್ಟ್ಜ್. ಈ ಲಯವನ್ನು ಬೇಕೆಂದೇ ಆರಿಸಿದ್ದಾರೆ. ಕೂತ ಮನುಷ್ಯನ ದೇಹಕ್ಕೆ ಮೇಲೆ ಕೆಳಗೆ ಆಗುವ ಅಲುಗಾಟ ಅತಿ ಹೆಚ್ಚು ಕಿರಿಕಿರಿ ಮಾಡುವುದು 4ರಿಂದ 8 ಹರ್ಟ್ಜ್‌ನಲ್ಲಿ; ಟ್ರ್ಯಾಕ್ಟರಿನ ಸೀಟು, ಎತ್ತಿನ ಬಂಡಿ ಹೊಟ್ಟೆಯೊಳಗಿನದೆಲ್ಲ ಕದಡುವುದು ಅದಕ್ಕೇ. ಕಾರು ಅದಕ್ಕಿಂತ ಬಹಳ ನಿಧಾನವಾಗಿ ತೂಗಬೇಕು. ಈಗ ರಸ್ತೆಯ ಅಲೆಯಿಂದ ಅಲೆಗೆ 18 ಮೀಟರ್ ಇದೆ ಎಂದುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 0.8 ಅಲೆಗಳನ್ನು ದಾಟುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. 84ಕ್ಕೆ ಬಂದಾಗ ಸೆಕೆಂಡಿಗೆ 1.3 ಅಲೆ. ಕಾರಿನ ಸ್ವಂತ ಲಯವೂ 1.3 ಆಗಿದ್ದರೆ ಎರಡೂ ಕೈಹಿಡಿಯುತ್ತವೆ. ಪಂಚಮಿ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಸರಿಯಾಗಿ ಮೀಟುತ್ತ ಹೋದಂತೆ ಪ್ರತಿ ಅಲೆಯೂ ಕಾರನ್ನು ಇನ್ನಷ್ಟು ಎತ್ತುತ್ತದೆ. ಭೌತಶಾಸ್ತ್ರದಲ್ಲಿ ಇದನ್ನು ಅನುರಣನ ಅನ್ನುತ್ತಾರೆ. ಆಳಂದದ ಮಾಲೀಕ ಅದಕ್ಕೇ ತೇಲುವುದು ಎಂದಿದ್ದು. ಹೊಸ ಟೈರು ಹಾಕಿಸಿದರೆ ಇದು ಹೋಗುವುದಿಲ್ಲ. ವೇಗ ಹತ್ತು ಕಿಲೋಮೀಟರ್ ತಗ್ಗಿಸಿದರೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ತಿರುವಿದೆ. ಕಾರು ಭಾರವಾದಷ್ಟೂ ಅದರ ಲಯ ನಿಧಾನವಾಗುತ್ತದೆ. 1150 ಕಿಲೋ ತೂಗುವ ಸೆಡಾನ್‌ನಲ್ಲಿ ಐವರು ಕೂತು, ಡಿಕ್ಕಿಯಲ್ಲಿ ಎರಡು ಚೀಲ ತೊಗರಿಯೋ ಗಂಟುಮೂಟೆಯೋ ಸೇರಿ ಇನ್ನೊಂದು 350 ಕಿಲೋ ಏರಿತು ಅನ್ನಿ. 1.3 ಇದ್ದ ಲಯ 1.14ಕ್ಕೆ ಇಳಿಯುತ್ತದೆ. ಅದೇ 18 ಮೀಟರಿನ ಅಲೆಯ ಮೇಲೆ ತೇಲುವ ವೇಗ 84ರಿಂದ 74ಕ್ಕೆ ಬರುತ್ತದೆ. ಒಬ್ಬನೇ ಕಲಬುರಗಿಗೆ ಹೋಗಿ ಬಂದಾಗ ತೆಪ್ಪಗಿದ್ದ ಗಾಡಿ, ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗಾಣಗಾಪುರಕ್ಕೆ ಹೊರಟಾಗ ತೇಲುವುದು ಹೀಗೆ. ಹಿಂದಿನ ಸೀಟಿನ ಮಗುವಿಗೆ ವಾಂತಿ ಬಂದರೆ ಬೆಳಗ್ಗೆ ತಿಂದ ಸುಸಲಾದ ಮೇಲೆ ತಪ್ಪು ಹೊರಿಸುವಂತಿಲ್ಲ.

ಕಾರು ತೂಗುವ ಲಯವನ್ನು ಶಿಸ್ತಿನಿಂದ ಅಳೆದು ವಿನ್ಯಾಸಕ್ಕೆ ಇಳಿಸಿದ ಮೊದಲಿಗರಲ್ಲಿ ಮಾರಿಸ್ ಓಲಿ ಒಬ್ಬ. ರೋಲ್ಸ್-ರಾಯ್ಸ್‌ನಲ್ಲಿ ದುಡಿದು 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಬಳಗಕ್ಕೆ ಬಂದ ಈತ ಒಂದು ಕಾರಿನ ಹಿಂದೆ ಮುಂದೆ ತೂಕದ ಗುಂಡುಗಳನ್ನು ಸರಿಸುತ್ತ, ಸ್ಪ್ರಿಂಗ್ ಬದಲಿಸುತ್ತ, ಒಳಗೆ ಕೂತವರಿಗೆ ಯಾವಾಗ ಹಿತ, ಯಾವಾಗ ಹಿಂಸೆ ಎಂದು ನೋಡಿದ. ಆಗ ಹೊರಬಿದ್ದ ಸೂತ್ರ ಇವತ್ತಿಗೂ ನಡೆಯುತ್ತಿದೆ: ಹಿಂದಿನ ಸ್ಪ್ರಿಂಗ್‌ನ ಲಯ ಮುಂದಿನದಕ್ಕಿಂತ ತುಸು ಚುರುಕಾಗಿರಬೇಕು. ಉಬ್ಬನ್ನು ಮೊದಲು ಮುಂದಿನ ಗಾಲಿ ಹತ್ತುತ್ತದೆ. 80ರ ವೇಗದಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗ ತಡವಾಗಿ ಹಿಂದಿನದು ಹತ್ತುತ್ತದೆ. ತಡವಾಗಿ ಶುರುವಾದ ಹಿಂಭಾಗ ಬೇಗ ಬೇಗ ಕುಣಿದು ಮುಂಭಾಗವನ್ನು ಕೂಡಿಕೊಂಡರೆ ಕಾರು ಮೂಗು ಎತ್ತಿ ಬಾಲ ತಗ್ಗಿಸುವ ಬದಲು ಇಡಿಯಾಗಿ ಏಳುತ್ತದೆ, ಇಡಿಯಾಗಿ ಇಳಿಯುತ್ತದೆ. ಡಿಕ್ಕಿಗೆ ಚೀಲ ತುಂಬಿದಾಗ ಕೆಡುವುದು ಈ ಹೊಂದಾಣಿಕೆಯೇ. ಹಿಂಭಾಗದ ಲಯ ನಿಧಾನವಾಗಿ, ಓಲಿ ಹಾಕಿದ ಲೆಕ್ಕ ತಿರುಗಿ ಬೀಳುತ್ತದೆ. ಹೆಡ್‌ಲೈಟ್ ಬಾಲ ತಗ್ಗಿದ್ದರಿಂದ ಮೇಲೆದ್ದು ಎದುರಿನವನ ಕಣ್ಣಿಗೆ ಹೊಡೆಯುವುದು ಅದರ ಬೆನ್ನಿಗೇ ಬರುವ ಉಪದ್ರವ.

ಗ್ಯಾರೇಜಿಗೆ ಬರುವ ಇನ್ನೊಂದು ದೂರು, ಗಾಡಿ ಎಡಕ್ಕೆ ಜಗ್ಗುತ್ತದೆ ಎಂಬುದು. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯ ನಡು ಎತ್ತರಿಸಿ ಎರಡೂ ಬದಿಗೆ ನೂರಕ್ಕೆ ಎರಡರಿಂದ ಎರಡೂವರೆಯಷ್ಟು ಇಳಿಜಾರು ಕೊಟ್ಟಿರುತ್ತಾರೆ. ಎಡಬದಿಯಲ್ಲಿ ಓಡುವ 1200 ಕಿಲೋದ ಕಾರನ್ನು ಆ ಇಳಿಜಾರು ಸುಮಾರು 30 ಕಿಲೋ ಭಾರದಷ್ಟು ಬಲದಿಂದ ಹೊಲದ ಕಡೆಗೆ ಎಳೆಯುತ್ತಲೇ ಇರುತ್ತದೆ. ಎರೆನೆಲದಲ್ಲಿ ಇದರ ಮೇಲೆ ಇನ್ನೊಂದು ಸೇರುತ್ತದೆ: ರಸ್ತೆಯ ನಡುಭಾಗದ ಕೆಳಗಿನ ಮಣ್ಣು ಡಾಂಬರಿನ ಮರೆಯಲ್ಲಿ ತೇವ ಉಳಿಸಿಕೊಳ್ಳುತ್ತದೆ, ಅಂಚಿನ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಅಂಚು ಕುಸಿದು, ಉದ್ದಕ್ಕೆ ಗೆರೆ ಎಳೆದಂತೆ ಸೀಳು ಬಿಟ್ಟು, ಇಳಿಜಾರು ಇನ್ನೂ ಹೆಚ್ಚುತ್ತದೆ. ಇಲ್ಲಿ ಎಲ್ಲರೂ ರಸ್ತೆಯ ನಟ್ಟನಡುವೆ ಗಾಡಿ ಓಡಿಸುತ್ತಾರೆಂದು ಬೆಂಗಳೂರಿನಿಂದ ಬಂದವರು ಬೈಯುವುದುಂಟು. ಅದರಲ್ಲಿ ಅಶಿಸ್ತು ಎಷ್ಟಿದೆಯೋ ಮಣ್ಣಿನ ವಿಜ್ಞಾನವೂ ಅಷ್ಟೇ ಇದೆ. ಪರಿಹಾರ ಗೊತ್ತಿಲ್ಲದ್ದೇನಲ್ಲ. ಎರೆಗೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಯಾನುಗಳು ಪದರಗಳನ್ನು ಬಿಗಿದು ಉಬ್ಬುವುದನ್ನು ತಗ್ಗಿಸುತ್ತವೆ. ಉಬ್ಬದ ಅಂಟುಮಣ್ಣಿನ ದಪ್ಪ ಪದರವನ್ನು ಎರೆಯ ಮೇಲೆ ಹಾಸಿ ಅದನ್ನು ಹತೋಟಿಯಲ್ಲಿಡುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಹೆದ್ದಾರಿಗೆ ಇಂಥದಕ್ಕೆಲ್ಲ ಹಣ ಒದಗುತ್ತದೆ, ಹಳ್ಳಿಯ ರಸ್ತೆಗೆ ಒದಗುವುದಿಲ್ಲ.

ಊರೊಳಗೆ ಬಂದರೆ ಬ್ರೇಕರ್. ಸೆಡಾನ್ ಕೊಂಡವನು ಈ ಭಾಗದಲ್ಲಿ ಮೊದಲು ಕಲಿಯುವ ವಿದ್ಯೆ ಬ್ರೇಕರನ್ನು ಓರೆಯಾಗಿ ದಾಟುವುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಒಂದು ಚೂರು. 25 ಕಿಲೋಮೀಟರ್ ವೇಗದಲ್ಲಿ ದಾಟಲೆಂದು ಮಾಡಿದ್ದು. ಐದನೇ ತಲೆಮಾರಿನ ಹೋಂಡಾ ಸಿಟಿಯ ಮುಂದಿನ ಹಿಂದಿನ ಗಾಲಿಗಳ ನಡುವೆ 2.6 ಮೀಟರ್ ಅಂತರವಿದೆ, ನೆಲದಿಂದ ಹೊಟ್ಟೆಗೆ 165 ಮಿಲಿಮೀಟರ್. ಅಂಥ ಕಾರು ಪ್ರಮಾಣಬದ್ಧ ಬ್ರೇಕರ್ ಮೇಲೆ ನಿಂತಾಗ ನಾಲ್ಕೂ ಗಾಲಿ ಉಬ್ಬಿನ ಮೇಲೆಯೇ ಇರುತ್ತವೆ, ನಡುವಿನ ಡುಬ್ಬ ಗಾಲಿಯ ಮಟ್ಟಕ್ಕಿಂತ ಬರೀ 5 ಸೆಂಟಿಮೀಟರ್ ಮೇಲಿರುತ್ತದೆ. ಐದು ಜನ ಕೂತು ಕಾರು ಇನ್ನೈದು ಸೆಂಟಿಮೀಟರ್ ಕುಗ್ಗಿದರೂ ಆರು ಸೆಂಟಿಮೀಟರ್ ಉಳಿಯುತ್ತದೆ.

ಊರ ಹುಡುಗರು ರಾತ್ರೋರಾತ್ರಿ ಕಲ್ಲು, ಮುರುಮ್, ಸಿಮೆಂಟು ಸುರಿದು ಕಟ್ಟಿದ ಬ್ರೇಕರ್‌ನ ಲೆಕ್ಕ ಬೇರೆ. ಅಗಲ ಒಂದು ಮೀಟರ್, ಎತ್ತರ ಒಂದು ಗೇಣು ಅಂದರೆ 20 ಸೆಂಟಿಮೀಟರ್. ಮುಂದಿನ ಗಾಲಿ ಅದನ್ನು ಇಳಿದು, ಹಿಂದಿನ ಗಾಲಿ ಇನ್ನೂ ಹತ್ತದಿರುವಾಗ ಇಡೀ 20 ಸೆಂಟಿಮೀಟರ್ ಕಾರಿನ ಹೊಟ್ಟೆಯ ಕೆಳಗಿರುತ್ತದೆ. ಹೊಟ್ಟೆ ಇರುವುದು 16.5ರಲ್ಲಿ. ಎಷ್ಟೇ ಮೆಲ್ಲಗೆ ಹೋದರೂ ತಾಗಲೇಬೇಕು. ತಾಗುವ ಜಾಗದಲ್ಲೇ ಎಂಜಿನ್ ಎಣ್ಣೆಯ ಚೇಂಬರ್ ಇದ್ದರಂತೂ ಮುಗಿಯಿತು: ಒಂದು ಸಣ್ಣ ಸೀಳು, ರಸ್ತೆಯ ಮೇಲೆ ಕಪ್ಪು ಗೆರೆ, ಎಣ್ಣೆ ದೀಪ ಹೊತ್ತಿದ್ದನ್ನು ನೋಡದೆ ಓಡಿಸಿದರೆ ಎಂಜಿನ್ನೇ ಕಚ್ಚಿಕೊಳ್ಳುತ್ತದೆ. ಓರೆಯಾಗಿ ದಾಟಿದಾಗ ಒಂದೊಂದೇ ಗಾಲಿ ಹತ್ತಿ ಇಳಿಯುವುದರಿಂದ ಹೊಟ್ಟೆಯ ಒಂದು ಬದಿಯಾದರೂ ಎತ್ತರದಲ್ಲಿರುತ್ತದೆ. ಸ್ಥಳೀಯ ವಿದ್ಯೆಯ ಹಿಂದಿನ ರೇಖಾಗಣಿತ ಇಷ್ಟೇ.

ಇದಕ್ಕೆಂದೇ ಕೆಲವರು ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರಿನ ಗಟ್ಟು ತುರುಕಿಸುತ್ತಾರೆ. ಕಾರು ಒಂದು ಒಂದೂವರೆ ಸೆಂಟಿಮೀಟರ್ ಏರುತ್ತದೆ, ಹೊಟ್ಟೆ ತಾಗುವುದು ಕಡಿಮೆಯಾಗುತ್ತದೆ. ಗಟ್ಟು ಸಿಕ್ಕಿದ ಸುರುಳಿ ಕುಗ್ಗುವಂತಿಲ್ಲವಾದ್ದರಿಂದ ಸ್ಪ್ರಿಂಗ್ ಬಿಗಿಯಾಗಿ ಲಯ ಚುರುಕಾಗುತ್ತದೆ. ಖಾಲಿ ಕಾರು ಈಗ ಟಪಟಪ ಕುಟ್ಟುತ್ತದೆ. ಜೊತೆಗೆ ಗುರುತ್ವ ಕೇಂದ್ರವೂ ಮೇಲೆ ಹೋಯಿತು, ಸೆಡಾನ್ ಕೊಳ್ಳಲು ಇರುವ ಅತಿ ಗಟ್ಟಿ ಕಾರಣವೇ ಅಷ್ಟರಮಟ್ಟಿಗೆ ಸವೆಯಿತು. ತಿರುವಿನಲ್ಲಿ ಕಾರು ಉರುಳದೆ ನಿಲ್ಲುವ ಶಕ್ತಿಯನ್ನು ಗಾಲಿಗಳ ನಡುವಿನ ಅಡ್ಡ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ ಅಳೆಯುತ್ತಾರೆ. ಸೆಡಾನ್‌ಗಳಲ್ಲಿ ಈ ಅಂಕಿ ಸಾಮಾನ್ಯವಾಗಿ 1.3ಕ್ಕಿಂತ ಮೇಲೆ, ಎತ್ತರದ ಎಸ್‌ಯುವಿಗಳಲ್ಲಿ 1ರಿಂದ 1.3ರ ನಡುವೆ. ಹೊಲದ ಬದುವಿಗೆ ಹೊಂದಿಕೊಂಡು ಥಟ್ಟನೆ ಮೂಲೆ ತಿರುಗುವ ಇಲ್ಲಿನ ರಸ್ತೆಗಳಲ್ಲಿ ಆ ದಶಮಾಂಶಕ್ಕೆ ಬೆಲೆಯಿದೆ.

ಕಾರು ನೆಲವನ್ನು ಹಿಡಿಯುವ ಜಾಗ ಎಷ್ಟು ಸಣ್ಣದೆಂದು ಲೆಕ್ಕ ಹಾಕಿದರೆ ಮಾಲೀಕರಿಗೇ ನಂಬಿಕೆ ಬರುವುದಿಲ್ಲ. 1200 ಕಿಲೋದ ಕಾರಿನ ಒಂದೊಂದು ಟೈರಿನ ಮೇಲೆ ಸರಾಸರಿ 300 ಕಿಲೋ ಭಾರ. ಗಾಳಿಯ ಒತ್ತಡ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿದರೆ 133 ಚದರ ಸೆಂಟಿಮೀಟರ್ ಬರುತ್ತದೆ. ನಾಲ್ಕೂ ಟೈರುಗಳ ಹಿಡಿತ ಕೂಡಿಸಿದರೂ ಜೆರಾಕ್ಸ್ ಅಂಗಡಿಯ ಒಂದು ಎ4 ಹಾಳೆಗಿಂತ ಕಡಿಮೆ. ಬ್ರೇಕು, ತಿರುವು, ವೇಗ ಎಲ್ಲ ಆ ಹಾಳೆಯ ಮೇಲೆಯೇ ನಡೆಯಬೇಕು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ; 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಮೇ ತಿಂಗಳ ಮಧ್ಯಾಹ್ನ ಓಡಿ ಬಿಸಿಯಾದ ಟೈರಿಗೆ ಪೆಟ್ರೋಲ್ ಪಂಪಿನಲ್ಲಿ 32 ನೋಡಿ ಸಮಾಧಾನಪಟ್ಟವನು, ಮರುದಿನ ನಸುಕಿನಲ್ಲಿ ಹೊರಡುವಾಗ 27ರ ಮೇಲೆ ಕೂತಿರುತ್ತಾನೆ. ಸ್ಟೇರಿಂಗ್ ಮೆತ್ತಗಾಗಿದೆ, ಮಾತು ಕೇಳುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದಕ್ಕಿಂತ ದೊಡ್ಡ ರಹಸ್ಯ ಇರುವುದಿಲ್ಲ.

ಮಳೆಗಾಲದಲ್ಲಿ ಎರೆ ಕೆಳಗಿನಿಂದ ಎದ್ದು ರಸ್ತೆಯ ಮೇಲೆಯೇ ಬರುತ್ತದೆ. ಹೊಲದ ದಾರಿ ಡಾಂಬರು ರಸ್ತೆಗೆ ಕೂಡುವ ಜಾಗ ನೋಡಬೇಕು. ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಹಲ್ಲುಗಳಲ್ಲಿ ಕಚ್ಚಿದ ಕರಿಮಣ್ಣು ಐವತ್ತು ಅರವತ್ತು ಹೆಜ್ಜೆಯ ತನಕ ಹೆಂಟೆ ಹೆಂಟೆಯಾಗಿ ಉದುರಿರುತ್ತದೆ. ಅದರ ಮೇಲೆ ನಾಲ್ಕು ಬೈಕು ಹಾದು, ಎರಡು ಹನಿ ಮಳೆ ಬಿದ್ದರೆ ಹೆಂಟೆಗಳು ಅರೆದು ನುಣ್ಣನೆಯ ಲೇಪವಾಗುತ್ತವೆ. ಉಬ್ಬಲು ಬಿಟ್ಟ ಅದೇ ಪದರಗಳು ಈಗ ನೀರಿನ ಮೇಲೆ ಒಂದಕ್ಕೊಂದು ಜಾರುತ್ತವೆ. ಒಣ ಡಾಂಬರಿನ ಮೇಲೆ ಘರ್ಷಣೆಯ ಅಂಕ 0.7 ಇದ್ದರೆ 60ರ ವೇಗದ ಕಾರು ಬ್ರೇಕ್ ಒತ್ತಿದ 20 ಮೀಟರಿನಲ್ಲಿ ನಿಲ್ಲುತ್ತದೆ. ಅಂಕ 0.2ಕ್ಕೆ ಇಳಿದರೆ 71 ಮೀಟರ್ ಬೇಕು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಎಲ್ಲ ಕಾರುಗಳಿಗೂ ಕಡ್ಡಾಯವಾದ ಎಬಿಎಸ್ ಗಾಲಿ ಬಿಗಿದುಕೊಳ್ಳದಂತೆ ನೋಡಿಕೊಂಡು ಸ್ಟೇರಿಂಗ್ ತಿರುಗಿಸಲು ಅವಕಾಶ ಕೊಡುತ್ತದೆ. ಇಲ್ಲದ ಘರ್ಷಣೆಯನ್ನು ಅದು ಎಲ್ಲಿಂದ ತಂದೀತು? ಮುಂದಿನ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಇಂದಿನ ಸೆಡಾನ್‌ಗಳನ್ನು ಹಿಡಿತ ತಪ್ಪಿದಾಗ ಮುಂಭಾಗವೇ ಮೊದಲು ಜಾರುವಂತೆ ಹದಗೊಳಿಸಿರುತ್ತಾರೆ. ಕಾರು ತಿರುವಿನ ಹೊರಗೆ ಹೋಗುತ್ತಿದೆ ಅನ್ನಿಸಿದ ಕೂಡಲೇ ಯಾವ ಚಾಲಕನಾದರೂ ಹೆದರಿ ಎಕ್ಸಲರೇಟರ್ ಬಿಡುತ್ತಾನೆ, ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರಿಗೆ ತುಸು ಹಿಡಿತ ಮರಳುತ್ತದೆ. ಹೆದರಿಕೆಯೇ ಸರಿಯಾದ ಚಿಕಿತ್ಸೆ ಆಗುವಂತೆ ಮಾಡಿದ ಈ ವಿನ್ಯಾಸಕ್ಕೆ ಸಲಾಮು ಹೊಡೆಯಬೇಕು.

ಓಟದ ಮಾತು ಇಷ್ಟಾಯಿತು. ಗಾಡಿ ಗಟ್ಟಿಯೋ ಟೊಳ್ಳೋ ಎಂಬ ಪ್ರಶ್ನೆಗೆ ಬಂದಾಗ ಜನ ಕೈಯನ್ನು ನಂಬುತ್ತಾರೆ. ಹೊಸ ಕಾರು ಮನೆಮುಂದೆ ನಿಂತು, ಟೆಂಗಿನಕಾಯಿ ಒಡೆದು, ಲಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಮುಗಿದ ಮೇಲೆ ಓಣಿಯ ಹಿರಿಯನೊಬ್ಬ ಬೆರಳ ಗಂಟಿನಿಂದ ಬಾನೆಟ್ ಬಡಿಯುತ್ತಾನೆ. "ಪತ್ರಾ ಭಾಳ ತೆಳು ಅದ. ನಮ್ಮ ಅಂಬಾಸಿಡರ್ ನೋಡಬೇಕಿತ್ತಪಾ, ಲೋಡ ಕಲ್ಲಿನಂಗ ಇತ್ತು." ಹಿಂದೂಸ್ತಾನ್ ಮೋಟಾರ್ಸ್ 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸುವ ತನಕ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂದ ಆ ಕಾರು ಕೆಟ್ಟ ರಸ್ತೆಗೆ ಹೇಳಿಮಾಡಿಸಿದಂತಿತ್ತು ಎಂಬುದು ನಿಜ. ಮುಂದೆ ತಿರುಚು ಸಲಾಕೆ, ಹಿಂದೆ ಕಮಾನು ಪಟ್ಟಿ. ಮುರಿದರೆ ಯಾವ ಹಳ್ಳಿಯಲ್ಲಾದರೂ ರಿಪೇರಿ. ಅಪಘಾತದಲ್ಲಿ ಅದು ಜನರನ್ನು ಕಾಯುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ಬೆರಳಿಗೆ ಸಿಗುವ ಹೊರತಗಡು ಸಾಮಾನ್ಯವಾಗಿ 0.65ರಿಂದ 0.8 ಮಿಲಿಮೀಟರ್. ಅದರ ಕೆಲಸ ಮಳೆ, ಗಾಳಿ, ದೂಳು ತಡೆದು ಚಂದ ಕಾಣುವುದು. ಅಪಘಾತವಾದಾಗ ಭಾರ ಹೊರುವ ಎಲುಬುಗಳು ಒಳಗಿವೆ: ಬಾಗಿಲುಗಳ ನಡುವಿನ ಕಂಬ, ಛಾವಣಿಯ ಅಂಚು, ಬಾಗಿಲ ಕೆಳಗಿನ ತೊಲೆ. ಹೊಸ ಕಾರುಗಳಲ್ಲಿ ಇವಕ್ಕೆ ಬೋರಾನ್ ಬೆರೆಸಿದ ಉಕ್ಕನ್ನು 900 ಡಿಗ್ರಿ ದಾಟಿ ಕಾಯಿಸಿ, ಅಚ್ಚಿನೊಳಗೇ ಒತ್ತಿ ತಣಿಸುತ್ತಾರೆ. ಸಾದಾ ಉಕ್ಕು ಚದರ ಮಿಲಿಮೀಟರಿಗೆ 300 ನ್ಯೂಟನ್ ಸುಮಾರಿಗೆ ಹರಿದರೆ ಇದು 1500ರ ತನಕ ತಡೆಯುತ್ತದೆ. ಇದನ್ನು ಬೆರಳಿನಿಂದ ಬಡಿದು ತಿಳಿಯುವ ಉಪಾಯವಿಲ್ಲ.

ಎಲ್ಲವೂ ಗಟ್ಟಿಯಾಗಿರಬೇಕೆಂಬ ಲೆಕ್ಕವೂ ಸರಿಯಿಲ್ಲ. 64 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ 16 ಮೀಟರ್ ಎತ್ತರದಿಂದ ಬಿದ್ದಂತೆ. ಕಾರಿನ ಮೂಗು 60 ಸೆಂಟಿಮೀಟರ್ ಮಡಚಿಕೊಂಡು ನಿಂತರೆ ಒಳಗಿನವರ ಮೇಲೆ ಗುರುತ್ವದ ಸುಮಾರು 27 ಪಟ್ಟು ಬಲ ಬೀಳುತ್ತದೆ. ಮೂಗು ಗಟ್ಟಿಯಾಗಿದ್ದು ಬರೀ 20 ಸೆಂಟಿಮೀಟರಿನಲ್ಲಿ ನಿಂತರೆ 80 ಪಟ್ಟು. ಮುಂದೆ ಹಿಂದೆ ಮಡಚಬೇಕು, ನಡುವಿನ ಕೋಣೆ ಮಾತ್ರ ಮಡಚಬಾರದು ಎಂಬ ಯೋಚನೆಗೆ ಮರ್ಸಿಡಿಸ್-ಬೆಂಜ್‌ನ ಬೇಲಾ ಬರೇನಿ 1950ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. 1959ರಲ್ಲಿ ಅದು ರಸ್ತೆಗಿಳಿದ ಕಾರಿನಲ್ಲಿ ಬಂತು.

ಹಳೆಯ ಕಬ್ಬಿಣದ ಮೇಲಿನ ಪ್ರೀತಿ ಆಳಂದಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲೂ ಅದೇ ಮಾತು ಕೇಳಿಬರುತ್ತದೆ. ಅಲ್ಲಿನ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 2009ರಲ್ಲಿ 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಸೆಡಾನನ್ನೂ 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿತು. ದಪ್ಪ ತಗಡಿನ ಬೆಲ್ ಏರ್‌ನ ಚಾಲಕನ ಕೋಣೆ ಮುದುಡಿ, ಸ್ಟೇರಿಂಗ್ ಚಾಲಕನ ಜಾಗದಲ್ಲಿ ಕೂರಿಸಿದ್ದ ಗೊಂಬೆಯ ಎದೆಗೆ ಬಂತು. ಬದುಕುಳಿಯುವ ಮಾತೇ ಇರಲಿಲ್ಲ. ಮಾಲಿಬುವಿನ ಮೂಗು ಪೂರ್ತಿ ಚಿಂದಿಯಾಗಿ ಚಾಲಕನ ಗೊಂಬೆಗೆ ಕಾಲಿನ ಗಾಯದಷ್ಟೇ ಆಗಿತ್ತು.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಬಿಡದಿಗೆ ಹೋಗಬೇಕು. ಟೊಯೊಟಾ ಕಿರ್ಲೋಸ್ಕರ್ 2010ರ ಡಿಸೆಂಬರ್‌ನಲ್ಲಿ ಅಲ್ಲಿನ ಎರಡನೇ ಕಾರ್ಖಾನೆಯಿಂದ ಎಟಿಯೋಸ್ ಸೆಡಾನ್ ಹೊರತಂದಿತು. ಯೋಶಿನೋರಿ ನೋರಿತಾಕೆ ಎಂಬ ಮುಖ್ಯ ಎಂಜಿನಿಯರ್ ಭಾರತಕ್ಕೆಂದೇ ರೂಪಿಸಿದ ಕಾರು. ನೆಲದಿಂದ 170 ಮಿಲಿಮೀಟರ್ ಎತ್ತರ, 595 ಲೀಟರ್ ಡಿಕ್ಕಿ, ಮೀಟರುಗಳೆಲ್ಲ ಡ್ಯಾಶ್‌ಬೋರ್ಡಿನ ನಟ್ಟನಡುವೆ. ಕೊಂಡವರು ಮೊದಲ ದಿನದಿಂದಲೇ ಗೊಣಗಿದರು: ಪ್ಲಾಸ್ಟಿಕ್ ಅಗ್ಗದ್ದು, ಬಾಗಿಲು ಹಗುರ, ಪತ್ರಾ ತೆಳು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯ ಸಂಸ್ಥೆ ಎರಡು ಏರ್‌ಬ್ಯಾಗ್ ಇದ್ದ ಎಟಿಯೋಸನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಯಲ್ಲಿ ಅದಕ್ಕೆ 4 ನಕ್ಷತ್ರ ಸಿಕ್ಕಿತು. 2014ರ ಜನವರಿಯಲ್ಲಿ ಅದೇ ಸಂಸ್ಥೆ ಪರೀಕ್ಷಿಸಿದ ಐದು ಜನಪ್ರಿಯ ಭಾರತೀಯ ಕಾರುಗಳಿಗೆ, ಏರ್‌ಬ್ಯಾಗ್ ಇಲ್ಲದ ರೂಪದಲ್ಲಿ, ಒಂದು ನಕ್ಷತ್ರವೂ ಬಂದಿರಲಿಲ್ಲ. ತೆಳು ತಗಡಿನ ಎಟಿಯೋಸ್ 2020ರಲ್ಲಿ ತಯಾರಿಕೆ ನಿಂತ ಮೇಲೂ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತಿದೆ.

ನಕ್ಷತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಓದಲು ಕಲಿಯಬೇಕು. 2023ರ ಏಪ್ರಿಲ್‌ನಲ್ಲಿ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎರಡಕ್ಕೂ ಗ್ಲೋಬಲ್ ಎನ್‌ಕ್ಯಾಪ್ 5 ನಕ್ಷತ್ರ ಕೊಟ್ಟಿತು, ಕಾರಿನ ಕೋಣೆ ಸ್ಥಿರವಾಗಿದೆ ಎಂದೂ ಬರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹ್ಯುಂಡೈ ವೆರ್ನಾಕ್ಕೂ 5 ನಕ್ಷತ್ರವೇ ಬಂತು. ವರದಿಯ ಒಳಗೆ ಮಾತ್ರ ಅದರ ಕೋಣೆ ಅಸ್ಥಿರ, ಇನ್ನೂ ಹೆಚ್ಚಿನ ಹೊಡೆತ ತಾಳಲಾರದು ಎಂಬ ಸಾಲಿತ್ತು. ಆರು ಏರ್‌ಬ್ಯಾಗ್, ಎಲ್ಲ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಸೇರಿ ಒಟ್ಟು ಅಂಕ ಏರಿತ್ತು. ಜಾಹೀರಾತಿನಲ್ಲಿ ಮೂರರ ನಕ್ಷತ್ರವೂ ಒಂದೇ ಸಮ ಹೊಳೆಯುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನ ಫಲಿತಾಂಶ ನೋಡುವಾಗಲೂ ನಕ್ಷತ್ರದ ಜೊತೆಗೆ ಅಂಕಗಳನ್ನೂ ನೋಡುವುದು ಮೇಲು.

ಗ್ಯಾರೇಜಿಗೆ ಬರುವ ದೂರುಗಳಲ್ಲಿ ಕಿರಕಿರ ಸದ್ದಿನದು ಇನ್ನೂ ಬಾಕಿಯಿದೆ. ಕಲಬುರಗಿಯ ಬೇಸಿಗೆ 43, 44 ಡಿಗ್ರಿ ಮುಟ್ಟಿದಾಗ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 70 ದಾಟುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಗೆ ಹಿಗ್ಗುವುದು ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು. 1.3 ಮೀಟರ್ ಉದ್ದದ ಪ್ಲಾಸ್ಟಿಕ್ ಪಟ್ಟಿ 40 ಡಿಗ್ರಿಯ ವ್ಯತ್ಯಾಸಕ್ಕೆ ಮೂರೂವರೆ ಮಿಲಿಮೀಟರ್ ಬೆಳೆದರೆ, ಅದನ್ನು ಹೊತ್ತ ಉಕ್ಕಿನ ತೊಲೆ ಬೆಳೆಯುವುದು ಅರ್ಧ ಮಿಲಿಮೀಟರ್ ಚಿಲ್ಲರೆ. ಉಳಿದ ಮೂರು ಮಿಲಿಮೀಟರನ್ನು ಕ್ಲಿಪ್ಪುಗಳು ದಿನವೂ ತಾಳಬೇಕು. ಎರಡು ಬೇಸಿಗೆಗೆ ಅವು ಸಡಿಲವಾಗುತ್ತವೆ, ಸಂದಿಗೆ ರಾಶಿಯ ಹೊಟ್ಟು ದೂಳು ಸೇರುತ್ತದೆ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿ ಜಾರಿ, ಅಂಟಿ ಜಾರಿ ಕೀರಲು ಶುರುಮಾಡುತ್ತದೆ. ಕೇಳುವವನಿಗೆ ಹಿಂಸೆಯೇ, ಆದರೆ ಕಾರಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಟೇರಿಂಗ್ ತಿರುಗಿಸಿದಾಗಲೋ ಗುಂಡಿಗೆ ಇಳಿದಾಗಲೋ ಕೆಳಗಿನಿಂದ ಬರುವ 'ಟಕ್ ಟಕ್' ಸದ್ದನ್ನು ಮಾತ್ರ ಕೇಳಿಯೂ ಕೇಳದಂತೆ ಇರಬಾರದು. ಅದು ಲಿಂಕ್ ರಾಡೋ ಬಾಲ್ ಜಾಯಿಂಟೋ ಸವೆದ ಸೂಚನೆ. ಬಾಗಿಲು ಮುಚ್ಚಿದಾಗ ಬರುವ 'ಧಪ್' ಎಂಬ ಭಾರದ ಸದ್ದನ್ನೂ ಎಂಜಿನಿಯರುಗಳು ರಬ್ಬರು, ಚಿಲಕ, ತಗಡಿನ ಒಳಗೆ ಅಂಟಿಸಿದ ಡಾಂಬರಿನ ಹಾಳೆಗಳಿಂದ ಹದ ಮಾಡಿ ಕೂರಿಸಿರುತ್ತಾರೆ.

ಇಷ್ಟಾದರೂ ಕೈಗೆ ಕೆಲಸವೇ ಇಲ್ಲ ಎಂದಲ್ಲ. ಹಳೆಯ ಸೆಡಾನ್ ಕೊಳ್ಳಲು ಕಲಬುರಗಿಗೆ ಹೋಗುವವರು ಜೊತೆಗೆ ಕರೆದೊಯ್ಯುವ ಪಳಗಿದ ಮಿಸ್ತ್ರಿ ಬಾನೆಟ್ ಬಡಿಯುವ ಗೋಜಿಗೇ ಹೋಗುವುದಿಲ್ಲ. ಬಾಗಿಲು ತೆಗೆದು, ಚೌಕಟ್ಟಿನ ಸುತ್ತ ಕೂತ ಕಪ್ಪು ರಬ್ಬರನ್ನು ಉಗುರಿನಿಂದ ಎಬ್ಬಿಸಿ ಒಂದು ಗೇಣು ಎಳೆಯುತ್ತಾನೆ. ಕೆಳಗಿನ ತಗಡಿನ ಅಂಚಿನಲ್ಲಿ ಕಡಲೆಬೇಳೆ ಗಾತ್ರದ ದುಂಡು ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿರಬೇಕು. ಕಾರ್ಖಾನೆಯಲ್ಲಿ ರೋಬೋಟು ಹಾಕಿದ ಬೆಸುಗೆಯ ಗುರುತು ಅದು. ಒಂದು ಕಾರಿನ ದೇಹದಲ್ಲಿ ಇಂಥವು 3ರಿಂದ 5 ಸಾವಿರ ಇರುತ್ತವೆ. ಗುಳಿಗಳ ಸಾಲು ನಡುವೆ ತಪ್ಪಿದ್ದರೆ, ಅಂತರ ಏರುಪೇರಾಗಿದ್ದರೆ, ಮೇಲೆ ಪುಟ್ಟಿ ಸವರಿ ಬಣ್ಣ ಹೊಡೆದಿದ್ದರೆ ಆ ಕಂಬ ಎಂದೋ ಕತ್ತರಿಸಿ ಮತ್ತೆ ಕೂಡಿಸಿದ್ದು. 1500ರ ಉಕ್ಕನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬೆಸೆದರೆ ಕಾರ್ಖಾನೆಯಲ್ಲಿ ಕೊಟ್ಟ ಹದ ಅಲ್ಲಿ ಉಳಿಯುವುದಿಲ್ಲ. ಮುಂದಿನ ಕಂಬ, ನಡುವಿನ ಕಂಬ, ಡಿಕ್ಕಿಯ ಅಂಚು, ಕೊನೆಗೆ ಬಾನೆಟ್ ಎತ್ತಿ ಶಾಕಪ್ ಕೂರುವ ಬಟ್ಟಲಿನ ಸುತ್ತ. ಅಷ್ಟು ನೋಡಿ ರಬ್ಬರನ್ನು ಮತ್ತೆ ಜಾಗಕ್ಕೆ ಒತ್ತುತ್ತ ಅವನು ಹೇಳುವುದು ಎರಡೇ ಬಗೆ: "ಬಾಡಿ ಕಂಪನೀದೇ ಅದ, ರೇಟ್ ಮಾತಾಡ್ರಿ ಸಾವಕಾರ್ರ," ಅಥವಾ "ನಡೀರಿ, ಬ್ಯಾರೆ ಗಾಡಿ ನೋಡಮಿ."